ಐವತ್ತೋ, ನೂರೋ, ಮುನ್ನೂರೋ: ಮನೆಗೆ ಯಾವ ಬ್ರಾಡ್‌ಬ್ಯಾಂಡ್ ಪ್ಲಾನ್?

ಪ್ರಶ್ನೆ: ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಬೇಕೆಂದು ಮೂರು ಕಡೆ ವಿಚಾರಿಸಿದೆ. ನಮ್ಮ ಬಡಾವಣೆಯ ಕೇಬಲ್‌ನವರು 50 ಎಂಬಿಪಿಎಸ್ ಫೈಬರ್, ತೆರಿಗೆ ಎಲ್ಲ ಸೇರಿ ತಿಂಗಳಿಗೆ 600 ರೂಪಾಯಿ, ರೂಟರ್‌ಗೆ ಬೇರೆ 1,500 ಅಂದರು. ದೊಡ್ಡ ಕಂಪನಿಯೊಂದರವರು 100 ಎಂಬಿಪಿಎಸ್ ಫೈಬರ್, ತಿಂಗಳಿಗೆ 699, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಹೆಚ್ಚುವರಿ, ರೂಟರ್ ಉಚಿತ ಅಂದರು. ಮೂರನೆಯವರು, ತಂತಿಯೇ ಬೇಡ, ತಾರಸಿಯ ಮೇಲೆ ಒಂದು ಡಬ್ಬ ಕೂರಿಸುತ್ತೇವೆ, '300 ಎಂಬಿಪಿಎಸ್‌ವರೆಗೆ' ಬರುತ್ತದೆ, ಮೊದಲ ಮೂರು ತಿಂಗಳು 599, ಆಮೇಲೆ 999 ಅಂದರು. ಮಗ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾನೆ. ಮೊಮ್ಮಗಳಿಗೆ ಸಂಜೆ ಆನ್‌ಲೈನ್ ಟ್ಯೂಷನ್. ಎರಡು ಟಿವಿ ಇವೆ. ಪಕ್ಕದ ಮನೆಯವರು, 'ನಾವು 100ರ ಪ್ಲಾನ್ ಹಾಕಿಸಿದ್ದೇವೆ, ಡೌನ್‌ಲೋಡ್ ಮಾಡುವಾಗ 11, 12 ಮಾತ್ರ ತೋರಿಸುತ್ತದೆ, ಎಲ್ಲ ಬರೀ ಮೋಸ' ಅನ್ನುತ್ತಾರೆ. ಹಾಗಾದರೆ ಇವರು ಹೇಳುವ ಸ್ಪೀಡ್‌ಗೆ ಅರ್ಥವಿದೆಯೇ? ಯಾವುದನ್ನು ಆರಿಸಿಕೊಳ್ಳಲಿ?
— ನಿವೃತ್ತ ಸರ್ಕಾರಿ ನೌಕರರು, ದಾವಣಗೆರೆ

ಉತ್ತರ: ಮೂರು ಕಡೆ ವಿಚಾರಿಸಿ, ಅವರು ಹೇಳಿದ್ದನ್ನೆಲ್ಲ ಬರೆದಿಟ್ಟುಕೊಂಡು, ಹಣ ಕಟ್ಟುವ ಮೊದಲೇ ಕೇಳಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಹಣ ಕಟ್ಟಿಯಾದ ಮೇಲೆ ಕೇಳುವವರೇ ಹೆಚ್ಚು.

ನಿಮ್ಮ ಸಂದೇಹವನ್ನು ಹೀಗೆ ಹೇಳಬಹುದು: ಒಬ್ಬರು 50, ಇನ್ನೊಬ್ಬರು 100, ಮತ್ತೊಬ್ಬರು 300 ಅನ್ನುತ್ತಾರೆ, ದೊಡ್ಡ ಸಂಖ್ಯೆ ಹೇಳಿದವರದೇ ಒಳ್ಳೆಯದೇ, ಅಥವಾ ಈ ಸಂಖ್ಯೆಗಳನ್ನು ನಂಬುವುದೇ ಬೇಡವೇ? ಉತ್ತರ ಈ ಎರಡರ ನಡುವೆ ಇದೆ. ಸಂಖ್ಯೆಗಳಿಗೆ ಅರ್ಥವಿದೆ. ಆದರೆ ಈ ಮೂವರು ಹೇಳಿದ್ದು ಒಂದೇ ಬಗೆಯ ಮಾತಲ್ಲ. ಆದ್ದರಿಂದ ಮೊದಲು ನಿಮ್ಮ ಮನೆಗೆ ಎಷ್ಟು ಬೇಕೆಂದು ನೋಡಬೇಕು, ಆಮೇಲೆ ಮೂರನ್ನೂ ಒಂದೇ ಅಳತೆಗೆ ತರಬೇಕು, ಕೊನೆಗೆ ಬೆಲೆ. ಹಾಗೇ ಒಂದೊಂದಾಗಿ ನೋಡೋಣ. ಅದಕ್ಕೂ ಮುಂಚೆ ನಿಮ್ಮ ಪಕ್ಕದ ಮನೆಯವರ ಅನುಮಾನ ಪರಿಹರಿಸಿಬಿಡೋಣ.

ನೂರಕ್ಕೆ ಹನ್ನೆರಡು ಬಂದರೆ ಮೋಸವೇ?

ಅಲ್ಲ. ಅವರಿಗೆ ಸಿಗಬೇಕಾದದ್ದೇ ಸಿಗುತ್ತಿದೆ. ಕಂಪನಿಗಳು ವೇಗವನ್ನು ಹೇಳುವುದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂದು. ಎಂಬಿಪಿಎಸ್ ಅಂದರೆ ಅದೇ. ಕಂಪ್ಯೂಟರಿನಲ್ಲಿ ಏನನ್ನಾದರೂ ಡೌನ್‌ಲೋಡ್ ಮಾಡುವಾಗ ತೆರೆಯ ಮೇಲೆ ಕಾಣುವುದು ಸಾಮಾನ್ಯವಾಗಿ ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಕಳುಹಿಸುವ ಮಾಹಿತಿಯ ಜೊತೆಗೆ 'ಎಲ್ಲಿಂದ, ಎಲ್ಲಿಗೆ' ಎಂಬ ವಿಳಾಸದ ವಿವರವೂ ಹೋಗಬೇಕಾದ್ದರಿಂದ ಸ್ವಲ್ಪ ಭಾಗ ಅದಕ್ಕೆ ಖರ್ಚಾಗುತ್ತದೆ. ಉಳಿದದ್ದು ಹನ್ನೊಂದರಿಂದ ಹನ್ನೆರಡು. ನಿಮ್ಮ ನೆರೆಯವರಿಗೆ ಕಾಣುತ್ತಿರುವುದು ಸರಿಯಾಗಿ ಇಷ್ಟೇ.

ಈ ಗೊಂದಲ ಆಗುವುದು ಸಹಜ, ಏಕೆಂದರೆ ಇಂಗ್ಲಿಷಿನಲ್ಲಿ ಬರೆದಾಗ ಎರಡಕ್ಕೂ ಇರುವ ವ್ಯತ್ಯಾಸ 'ಬಿ' ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದಷ್ಟೇ. ನೆನಪಿಡಲು ಸುಲಭದ ಸೂತ್ರ: ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ. ಒಂದು ಜಿಬಿ ಗಾತ್ರದ ಸಿನಿಮಾ ಇಳಿಸಿಕೊಳ್ಳಲು 50ರ ಪ್ಲಾನ್‌ನಲ್ಲಿ ಸುಮಾರು 160 ಸೆಕೆಂಡು, 100ರಲ್ಲಿ 80 ಸೆಕೆಂಡು, 300ರಲ್ಲಿ 27 ಸೆಕೆಂಡು ಬೇಕು. ವ್ಯತ್ಯಾಸ ಇರುವುದು ನಿಜ. ಆದರೆ ಅದು ಎರಡು ನಿಮಿಷದ ವ್ಯತ್ಯಾಸ.

ನಿಮ್ಮ ಮನೆಗೆ ಎಷ್ಟು ಬೇಕು?

ಈಗ ಲೆಕ್ಕ ಹಾಕೋಣ. ಸಿನಿಮಾ ನೋಡುವುದಕ್ಕೆ ನೆಟ್‌ಫ್ಲಿಕ್ಸ್ ತನ್ನ ಗ್ರಾಹಕರಿಗೆ ಹೇಳುವುದು ಹೀಗೆ: ಫುಲ್ ಎಚ್‌ಡಿ ಗುಣಮಟ್ಟಕ್ಕೆ 5 ಎಂಬಿಪಿಎಸ್, 4ಕೆ ಗುಣಮಟ್ಟಕ್ಕೆ 15 ಎಂಬಿಪಿಎಸ್. ಹಲವರು ಸೇರುವ ವಿಡಿಯೊ ಮೀಟಿಂಗ್‌ಗೆ ಒಬ್ಬರಿಗೆ 3ರಿಂದ 4 ಸಾಕು. ವಾಟ್ಸ್‌ಆ್ಯಪ್, ಪೇಪರ್ ಓದುವುದು, ಬ್ಯಾಂಕಿನ ಕೆಲಸ ಇವೆಲ್ಲ ಲೆಕ್ಕಕ್ಕೆ ಬಾರದಷ್ಟು ಕಡಿಮೆ.

ನಿಮ್ಮ ಮನೆಯಲ್ಲಿ ಸಂಜೆ ಏಳು ಗಂಟೆಗೆ ಎಲ್ಲವೂ ಒಟ್ಟಿಗೆ ನಡೆಯುತ್ತಿದೆ ಎಂದುಕೊಳ್ಳಿ. ಮಗನ ಮೀಟಿಂಗ್‌ಗೆ 4, ಮೊಮ್ಮಗಳ ಟ್ಯೂಷನ್‌ಗೆ 4, ಒಂದು ಟಿವಿಗೆ 5, ಇನ್ನೊಂದು 4ಕೆ ಟಿವಿಯಾಗಿದ್ದರೆ ಅದಕ್ಕೆ 15, ಎಲ್ಲರ ಮೊಬೈಲ್‌ಗಳಿಗೆ ಸೇರಿ 5. ಒಟ್ಟು 33 ಎಂಬಿಪಿಎಸ್. ಎರಡನೆಯ ಟಿವಿಯೂ ಮಾಮೂಲಿ ಎಚ್‌ಡಿಯಾಗಿದ್ದರೆ 23. ಇಷ್ಟನ್ನೇ ಇಟ್ಟುಕೊಂಡರೆ ಇಕ್ಕಟ್ಟಾಗುತ್ತದೆ, ಏಕೆಂದರೆ ನಡುವೆ ಯಾವುದಾದರೂ ಮೊಬೈಲ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಲು ಶುರು ಮಾಡುತ್ತದೆ. ಆದ್ದರಿಂದ ಬಂದ ಮೊತ್ತವನ್ನು ಎರಡು ಪಟ್ಟು ಮಾಡಿಕೊಳ್ಳಿ. 4ಕೆ ಟಿವಿ ಇಲ್ಲದಿದ್ದರೆ 46, ಇದ್ದರೆ 66.

ಅಂದರೆ 4ಕೆ ಟಿವಿ ಇಲ್ಲದಿದ್ದರೆ ನಿಜವಾದ 50 ಎಂಬಿಪಿಎಸ್ ನಿಮಗೆ ಸಾಕು. ಇದ್ದರೆ 100 ಆರಾಮ. 300 ಬೇಕಾಗುವುದು ದೊಡ್ಡ ದೊಡ್ಡ ಫೈಲುಗಳನ್ನು ದಿನವೂ ಇಳಿಸಿಕೊಳ್ಳುವ ಮನೆಗೆ. ಉದಾಹರಣೆಗೆ 50 ಜಿಬಿ ಗಾತ್ರದ ವಿಡಿಯೊ ಗೇಮ್ ಒಂದನ್ನು ಇಳಿಸಲು 50ರ ಪ್ಲಾನ್‌ನಲ್ಲಿ ಎರಡು ಗಂಟೆಗೂ ಹೆಚ್ಚು ಹಿಡಿದರೆ, 300ರಲ್ಲಿ ಇಪ್ಪತ್ತೆರಡು, ಇಪ್ಪತ್ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅಂಥವರು ಮನೆಯಲ್ಲಿ ಇಲ್ಲದಿದ್ದರೆ ಆ ವೇಗ ಬಳಕೆಗೇ ಬರುವುದಿಲ್ಲ. ಟಿವಿಗೆ 5 ಬೇಕಾದಲ್ಲಿ 300 ಕೊಟ್ಟರೂ ಅದು ತೆಗೆದುಕೊಳ್ಳುವುದು ತನಗೆ ಬೇಕಾದಷ್ಟನ್ನೇ. ಚಿತ್ರ ಇನ್ನಷ್ಟು ಸ್ಪಷ್ಟವಾಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ದೇಶದಲ್ಲಿ 'ಬ್ರಾಡ್‌ಬ್ಯಾಂಡ್' ಎಂದು ಕರೆಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗ 2 ಎಂಬಿಪಿಎಸ್. 2023ರ ಜನವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಇದನ್ನು ನಿಗದಿ ಮಾಡಿತು. ಅದಕ್ಕೂ ಮೊದಲು ಇದ್ದದ್ದು 512 ಕಿಲೋಬಿಟ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್. ಹೀಗಾಗಿ 'ನಮ್ಮದು ಸರ್ಕಾರದ ನಿಯಮದಂತೆ ಬ್ರಾಡ್‌ಬ್ಯಾಂಡ್' ಎಂದು ಯಾರಾದರೂ ಹೇಳಿದರೆ ಅದರಿಂದ ನಿಮ್ಮ ವೇಗದ ಬಗ್ಗೆ ಏನೂ ತಿಳಿಯುವುದಿಲ್ಲ.

'ವರೆಗೆ' ಎಂಬುದರ ಒಳಗೆ ಏನಿದೆ?

ಮೂರನೆಯವರು '300ರವರೆಗೆ' ಅಂದಿದ್ದಾರೆ. ನಿಜ ಹೇಳಬೇಕೆಂದರೆ ಮೂವರದೂ 'ವರೆಗೆ'ಯೇ. ಉಳಿದಿಬ್ಬರು ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ. ಮನೆಗೆ ಕೊಡುವ ಇಂಟರ್ನೆಟ್ ಹಲವು ಮನೆಗಳು ಹಂಚಿಕೊಳ್ಳುವ ಇಂಟರ್ನೆಟ್. ಅದು ಹೇಗೆಂದು ತಿಳಿದರೆ ಯಾವ 'ವರೆಗೆ'ಯನ್ನು ಎಷ್ಟು ನಂಬಬಹುದೆಂದು ಗೊತ್ತಾಗುತ್ತದೆ.

ಫೈಬರ್ ಸಂಪರ್ಕದಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಜಿಪಾನ್ ಎಂಬ ವ್ಯವಸ್ಥೆ. ಕಂಪನಿಯ ಕಚೇರಿಯಿಂದ ಹೊರಡುವ ಒಂದು ಗಾಜಿನ ಎಳೆ ಬಡಾವಣೆಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಆ ಮೂಲ ಎಳೆಯಲ್ಲಿ ಮನೆಗಳ ಕಡೆಗೆ ಬರುವುದು ಸುಮಾರು 2,500 ಎಂಬಿಪಿಎಸ್, ಮನೆಗಳಿಂದ ಹೋಗುವುದು ಅದರ ಅರ್ಧ. 64 ಮನೆಯವರೂ 100ರ ಪ್ಲಾನ್ ತೆಗೆದುಕೊಂಡು ಒಂದೇ ಕ್ಷಣದಲ್ಲಿ ಪೂರ್ತಿ ಬಳಸಿದರೆ 6,400 ಬೇಕಾಗುತ್ತದೆ, ಅಷ್ಟು ಇಲ್ಲ. ಆದರೆ ಹಾಗೆ ಆಗುವುದೇ ಇಲ್ಲ ಅನ್ನಬಹುದು. ಒಬ್ಬರು ಟಿವಿ ನೋಡುತ್ತಿರುತ್ತಾರೆ, ಇನ್ನೊಬ್ಬರು ಮೊಬೈಲ್ ಬದಿಗಿಟ್ಟು ಊಟ ಮಾಡುತ್ತಿರುತ್ತಾರೆ. ಹಾಗಾಗಿ ಫೈಬರ್‌ನಲ್ಲಿ ಹೇಳಿದ ವೇಗದ ಹತ್ತಿರ ಹತ್ತಿರ ಸಿಗುವುದು ಸಾಮಾನ್ಯ.

ತೊಂದರೆ ಬರುವುದು ಇನ್ನೊಂದು ಕಡೆ. ಬಡಾವಣೆಯ ಕೇಬಲ್‌ನವರು ಮೇಲಿನ ದೊಡ್ಡ ಕಂಪನಿಯೊಂದರಿಂದ ಸಗಟಾಗಿ ಇಂಟರ್ನೆಟ್ ತೆಗೆದುಕೊಂಡು ಮನೆಮನೆಗೆ ಹಂಚುತ್ತಾರೆ. ಗ್ರಾಹಕರು ಹೆಚ್ಚಾದಂತೆ ಅವರು ಆ ಸಗಟನ್ನೂ ಹೆಚ್ಚಿಸಬೇಕು. ಹೆಚ್ಚಿಸದಿದ್ದರೆ ಎಲ್ಲರೂ ಟಿವಿ ಮುಂದೆ ಕೂರುವ ಹೊತ್ತಿನಲ್ಲಿ ವೇಗ ಇಳಿಯುತ್ತದೆ. ಚೆನ್ನಾಗಿ ನಡೆಸುವ ಕೇಬಲ್‌ನವರ 50, ಸರಿಯಾಗಿ ನಡೆಸದ ಕಂಪನಿಯ 100ಕ್ಕಿಂತ ಎಷ್ಟೋ ಮೇಲು. ಇದನ್ನು ಕಾಗದದ ಮೇಲೆ ತಿಳಿಯಲು ಬರುವುದಿಲ್ಲ. ಅದೇ ಸಂಪರ್ಕ ಇರುವ ಅಕ್ಕಪಕ್ಕದ ಮನೆಯಲ್ಲಿ ರಾತ್ರಿ ಒಂಬತ್ತು ಗಂಟೆಗೆ ಸ್ಪೀಡ್ ಟೆಸ್ಟ್ ಮಾಡಿ ನೋಡುವುದೊಂದೇ ದಾರಿ. ಬೆಳಗ್ಗೆ ಹನ್ನೊಂದಕ್ಕೆ ಯಾರದೇ ಇಂಟರ್ನೆಟ್ ಆದರೂ ಚೆನ್ನಾಗಿಯೇ ಓಡುತ್ತದೆ.

ಮೂರನೆಯವರ ತಾರಸಿ ಡಬ್ಬದ ವಿಷಯ ಬೇರೆ. ಅದು ಮೊಬೈಲ್ ಟವರಿನ 5ಜಿ ಸಿಗ್ನಲ್ ಹಿಡಿದು ಮನೆಗೆ ಕೊಡುತ್ತದೆ. ಅದೇ ಟವರನ್ನು ಸುತ್ತಲಿನ ಮೊಬೈಲ್‌ಗಳೂ ಹಂಚಿಕೊಳ್ಳುತ್ತವೆ. ಟವರ್ ಎಷ್ಟು ದೂರ, ನಡುವೆ ಎತ್ತರದ ಕಟ್ಟಡ ಇದೆಯೇ, ಹೊತ್ತು ಯಾವುದು ಎಂಬುದರ ಮೇಲೆ ವೇಗ ಏರಿಳಿಯುತ್ತದೆ. ಆದ್ದರಿಂದ ಅಲ್ಲಿ 'ವರೆಗೆ' ಎಂಬುದಕ್ಕೆ ಹೆಚ್ಚು ತೂಕವಿದೆ. ಫೈಬರ್ ಇನ್ನೂ ಬಾರದ ಬೀದಿಗೆ, ತೋಟದ ಮನೆಗೆ, ಮಾಲೀಕರು ಗೋಡೆ ಕೊರೆಯಲು ಬಿಡದ ಬಾಡಿಗೆ ಮನೆಗೆ ಅದು ಒಳ್ಳೆಯ ಅನುಕೂಲ. ನಿಮ್ಮ ಬೀದಿಗೆ ಎರಡು ಫೈಬರ್ ಬಂದಿರುವಾಗ ಅದಕ್ಕೆ ಮೊದಲ ಸ್ಥಾನ ಕೊಡಬೇಕಾಗಿಲ್ಲ.

ಕಳುಹಿಸುವ ವೇಗ, ಅಂದರೆ ಅಪ್‌ಲೋಡ್

ಮೂವರೂ ಹೇಳಿದ ಸಂಖ್ಯೆ ಡೌನ್‌ಲೋಡ್‌ದು, ಅಂದರೆ ಮನೆಯೊಳಗೆ ಬರುವ ವೇಗ. ಮನೆಯಿಂದ ಹೊರಗೆ ಹೋಗುವ ವೇಗ ಬೇರೆ. ಮಗ ಮೀಟಿಂಗ್‌ನಲ್ಲಿ ಮಾತನಾಡುವಾಗ ಅವರ ಮುಖ, ದನಿ ಆಚೆಯವರಿಗೆ ತಲುಪುವುದು ಅಪ್‌ಲೋಡ್‌ನಿಂದ. ಬಾಗಿಲ ಬಳಿ ಸಿಸಿ ಕ್ಯಾಮೆರಾ ಇದ್ದು ಅದರ ಚಿತ್ರ ಇಂಟರ್ನೆಟ್‌ನಲ್ಲಿ ಉಳಿಯುತ್ತಿದ್ದರೆ ಅದೂ ಅಪ್‌ಲೋಡೇ. ಆಫೀಸಿಗೆ 2 ಜಿಬಿ ಫೈಲ್ ಕಳುಹಿಸಬೇಕಾದರೆ 10 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಇಪ್ಪತ್ತಾರು, ಇಪ್ಪತ್ತೇಳು ನಿಮಿಷ ಹಿಡಿಯುತ್ತದೆ. 100 ಇದ್ದರೆ ಮೂರು ನಿಮಿಷದೊಳಗೆ ಮುಗಿಯುತ್ತದೆ.

ಅನೇಕ ಫೈಬರ್ ಪ್ಲಾನ್‌ಗಳಲ್ಲಿ ಎರಡೂ ಕಡೆಯ ವೇಗ ಸಮನಾಗಿರುತ್ತದೆ. ಕೆಲವರು ಕಡಿಮೆ ಕೊಡುತ್ತಾರೆ. ಟಿವಿ ಕೇಬಲ್‌ನ ತಾಮ್ರದ ತಂತಿಯಲ್ಲಿ ಬರುವ ಇಂಟರ್ನೆಟ್ ಮತ್ತು 5ಜಿ ಡಬ್ಬ ಎರಡರಲ್ಲೂ ಅಪ್‌ಲೋಡ್ ಸಾಮಾನ್ಯವಾಗಿ ಡೌನ್‌ಲೋಡಿಗಿಂತ ಬಹಳ ಕಡಿಮೆ. ಆದ್ದರಿಂದ 'ಅಪ್‌ಲೋಡ್ ಎಷ್ಟು?' ಎಂದು ಮೂವರನ್ನೂ ಕೇಳಿ ಬರೆದುಕೊಳ್ಳಿ. ಮನೆಯಿಂದ ಕೆಲಸ ಮಾಡುವವರಿರುವ ಮನೆಗೆ 300 ಡೌನ್‌ಲೋಡ್, 20 ಅಪ್‌ಲೋಡ್ ಇರುವ ಪ್ಲಾನ್‌ಗಿಂತ ಎರಡೂ ಕಡೆ 50 ಇರುವ ಪ್ಲಾನ್ ವಾಸಿ.

'ಅನ್‌ಲಿಮಿಟೆಡ್'ಗೂ ಮಿತಿ ಇದೆ

ಎಲ್ಲರೂ ಅನ್‌ಲಿಮಿಟೆಡ್ ಅನ್ನುತ್ತಾರೆ. ಆದರೆ ತಿಂಗಳಿಗೆ ಇಷ್ಟು ಜಿಬಿ ದಾಟಿದರೆ ವೇಗ ಇಳಿಸುವ ನಿಯಮ ಒಂದಿರುತ್ತದೆ. ಅದನ್ನು ಎಫ್‌ಯುಪಿ ಎನ್ನುತ್ತಾರೆ. ಆ ಮಿತಿ ಎಷ್ಟು, ದಾಟಿದ ಮೇಲೆ ವೇಗ ಎಷ್ಟು ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲೇಬೇಕೆಂದು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2016ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ಕೇಳುವುದು ನಿಮ್ಮ ಹಕ್ಕು.

ದೊಡ್ಡ ಕಂಪನಿಗಳ ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 3,300 ಜಿಬಿ. ಎಚ್‌ಡಿ ಸಿನಿಮಾ ಗಂಟೆಗೆ ಹೆಚ್ಚೆಂದರೆ 3 ಜಿಬಿ ಬಳಸುತ್ತದೆ. ಒಂದು ಟಿವಿಯನ್ನು ಮೂವತ್ತು ದಿನವೂ ಹಗಲು ರಾತ್ರಿ ಆರಿಸದೆ ಓಡಿಸಿದರೂ 2,160 ಜಿಬಿ ಆಗುತ್ತದೆ. ಹಾಗಾಗಿ ಆ ಮಿತಿಯ ಬಗ್ಗೆ ನೀವು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಮಿತಿ 300 ಜಿಬಿ ಎಂದಿದ್ದರೆ ದಿನಕ್ಕೆ ಮೂರೂಕಾಲು ಗಂಟೆ ಎಚ್‌ಡಿ ನೋಡುವಷ್ಟರಲ್ಲಿ ಖಾಲಿ. ಎರಡು ಟಿವಿ ಇರುವ ನಿಮ್ಮ ಮನೆಯಲ್ಲಿ ಇಪ್ಪತ್ತನೇ ತಾರೀಖಿನ ಹೊತ್ತಿಗೆ ವೇಗ ಇಳಿದುಹೋಗಬಹುದು. ಕಡಿಮೆ ಬೆಲೆಯ ಪ್ಲಾನ್‌ಗಳಲ್ಲಿಯೂ 5ಜಿ ಡಬ್ಬದ ಪ್ಲಾನ್‌ಗಳಲ್ಲಿಯೂ ಈ ಮಿತಿಯನ್ನು ತಪ್ಪದೆ ವಿಚಾರಿಸಿ.

ಬೆಲೆಯನ್ನು ಒಂದೇ ಅಳತೆಗೆ ತರುವುದು

ಬ್ರಾಡ್‌ಬ್ಯಾಂಡ್ ಬಿಲ್ಲಿನ ಮೇಲೆ ಶೇಕಡ 18 ಜಿಎಸ್‌ಟಿ ಇದೆ. ಕೇಬಲ್‌ನವರು 'ಎಲ್ಲ ಸೇರಿ' ಅಂದಿದ್ದಾರೆ, ಉಳಿದಿಬ್ಬರು ಹಾಗೆ ಹೇಳಿಲ್ಲ. ಅವರ ಬೆಲೆಗೆ ತೆರಿಗೆ ಸೇರಿಲ್ಲ ಎಂದಿಟ್ಟುಕೊಂಡು ಲೆಕ್ಕ ಮಾಡೋಣ. ಅವರನ್ನೂ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಮೊದಲನೆಯವರು: ತಿಂಗಳಿಗೆ 600ರಂತೆ ವರ್ಷಕ್ಕೆ 7,200. ರೂಟರ್ 1,500 ಸೇರಿದರೆ 8,700. ಮೊದಲ ವರ್ಷ ತಿಂಗಳಿಗೆ 725 ಬಿತ್ತು; ಎರಡನೆಯ ವರ್ಷದಿಂದ 600.

ಎರಡನೆಯವರು: 699ಕ್ಕೆ ತೆರಿಗೆ ಸೇರಿದರೆ ಸುಮಾರು 825. ಹನ್ನೆರಡು ತಿಂಗಳಿಗೆ 9,898. ಅದಕ್ಕೆ ಹದಿಮೂರು ತಿಂಗಳು ಸಿಗುವುದರಿಂದ ತಿಂಗಳಿಗೆ 761.

ಮೂರನೆಯವರು: ಮೂರು ತಿಂಗಳು 599, ಒಂಬತ್ತು ತಿಂಗಳು 999 ಸೇರಿ 10,788. ತೆರಿಗೆಯೊಂದಿಗೆ 12,730. ತಿಂಗಳಿಗೆ 1,061. ಎರಡನೆಯ ವರ್ಷದಿಂದ ತಿಂಗಳಿಗೆ 1,179.

ಹೀಗೆ ಬಿಡಿಸಿ ನೋಡಿದಾಗ, ಕೇಳುವಾಗ 599 ಎಂದು ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದೇ ಎಲ್ಲಕ್ಕಿಂತ ದುಬಾರಿ ಎಂದಾಯಿತು. ಪ್ಲಾನ್ ಜೊತೆ ಸಿನಿಮಾ ಆ್ಯಪ್‌ಗಳು ಉಚಿತ ಎಂದು ಹೇಳಿದರೆ, ನೀವು ಈಗಾಗಲೇ ಹಣ ಕೊಟ್ಟು ನೋಡುತ್ತಿರುವ ಆ್ಯಪ್ ಅದರಲ್ಲಿದ್ದರೆ ಮಾತ್ರ ಆ ಹಣವನ್ನು ಕಳೆದು ನೋಡಿ. ನೋಡದ ಆ್ಯಪ್ ಉಚಿತವಾಗಿ ಬಂದರೆ ಉಳಿತಾಯ ಅನ್ನಲಾಗದು.

ವರ್ಷದ ಹಣ ಒಟ್ಟಿಗೆ ಕಟ್ಟುವ ಮುನ್ನ ಎರಡು ಮಾತು ಕೇಳಿ: ನಡುವೆ ಬೇಡವೆಂದರೆ ಉಳಿದ ಹಣ ವಾಪಸ್ ಬರುತ್ತದೆಯೇ? ಮನೆ ಬದಲಿಸಿದರೆ ಹೊಸ ವಿಳಾಸಕ್ಕೆ ಸಂಪರ್ಕ ಕೊಡುತ್ತಾರೆಯೇ? 'ಉಚಿತ ರೂಟರ್' ಸಾಮಾನ್ಯವಾಗಿ ಬಳಸಲು ಕೊಟ್ಟದ್ದಷ್ಟೇ, ಬಿಡುವಾಗ ವಾಪಸ್ ಕೊಡಬೇಕು. ಕೊಟ್ಟಾಗ ರಸೀದಿ ಇಟ್ಟುಕೊಳ್ಳಿ.

ಮನೆಯೊಳಗಿನ ವೈಫೈ

ಬಾಗಿಲವರೆಗೆ 100 ಬಂದರೂ ಒಳಗಿನ ಕೋಣೆಯಲ್ಲಿ 20 ಮಾತ್ರ ಸಿಗುವುದುಂಟು. ಆಗ ತಪ್ಪು ಲೈನಿನದಲ್ಲ, ವೈಫೈನದು. ರೂಟರ್‌ಗಳು ಎರಡು ಬಗೆಯ ತರಂಗಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ವೈಫೈ ಕೂಡ ಅದರಲ್ಲೇ ಗಿಜಿಗುಡುತ್ತಿರುತ್ತದೆ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಇದಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಎರಡೂ ಇರುವ ರೂಟರನ್ನು ಡ್ಯುಯಲ್ ಬ್ಯಾಂಡ್ ಅನ್ನುತ್ತಾರೆ. ಕೇಬಲ್‌ನವರು 1,500ಕ್ಕೆ ಕೊಡುವ ರೂಟರ್ ಡ್ಯುಯಲ್ ಬ್ಯಾಂಡ್ ಹೌದೇ ಎಂದು ಕೇಳಿ. ಅಲ್ಲವಾದರೆ ಸ್ವಲ್ಪ ಹೆಚ್ಚು ಹಣ ಹಾಕಿ ಒಳ್ಳೆಯದನ್ನು ನೀವೇ ಕೊಳ್ಳಿ. 50ರಿಂದ 300ಕ್ಕೆ ಹೋಗಲು ತಿಂಗಳು ತಿಂಗಳು ಕೊಡುವ ಹಣಕ್ಕಿಂತ ಒಮ್ಮೆ ಒಳ್ಳೆಯ ರೂಟರ್‌ಗೆ ಹಾಕಿದ ಹಣ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೂಲೆಯಲ್ಲಿ ಇಡಿಸಬೇಡಿ. ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ ಇರಲಿ. ವೈರ್ ಎಳೆಯಲು ಬಂದ ಹುಡುಗರು ತಮಗೆ ಹತ್ತಿರವಾದ ಕಿಟಕಿಯ ಪಕ್ಕ ಕೂರಿಸಿ ಹೋಗುತ್ತಾರೆ; ಅವರು ಬರುವ ಮೊದಲೇ ಜಾಗ ಗೊತ್ತು ಮಾಡಿಡಿ. ಮಗನ ಕೆಲಸದ ಮೇಜಿಗೆ ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಎಳೆಸಿದರೆ ಮೀಟಿಂಗ್ ನಡುವೆ ದನಿ ಕತ್ತರಿಸುವ ತೊಂದರೆ ಬಹುಪಾಲು ತಪ್ಪುತ್ತದೆ.

ಕೆಟ್ಟಾಗ ಯಾರು ಬರುತ್ತಾರೆ?

ವೇಗದ ಮಾತಿನಲ್ಲಿ ಮರೆತುಹೋಗುವ ಪ್ರಶ್ನೆ ಇದು. ರಸ್ತೆ ಅಗೆತ, ಕೊಂಬೆ ಬೀಳುವುದು, ಕಂಬ ಬದಲಿಸುವುದು, ಯಾವುದರಿಂದಲಾದರೂ ಫೈಬರ್ ತುಂಡಾಗಬಹುದು. ಆಗ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬಲ್ಲಿ ಕೆಂಪು ದೀಪ ಉರಿಯುತ್ತದೆ. ರೂಟರ್ ಆರಿಸಿ ಹಾಕಿದರೆ ಅದು ಸರಿಹೋಗದು. ಯಾರಾದರೂ ಬಂದು ಎಳೆ ಜೋಡಿಸಲೇಬೇಕು. ಬಡಾವಣೆಯ ಕೇಬಲ್‌ನವರು ಫೋನ್ ಮಾಡಿದ ಕೂಡಲೇ ಬರುವವರೋ, ದೊಡ್ಡ ಕಂಪನಿಯವರು ದೂರು ದಾಖಲಿಸಿ ಎರಡು ದಿನ ಕಾಯಿಸುವವರೋ, ಅಥವಾ ಇದು ತಿರುಗಾಮುರುಗವೋ, ನಿಮ್ಮ ಬೀದಿಯವರಿಗೇ ಗೊತ್ತಿರುತ್ತದೆ. 'ಕಳೆದ ಸಲ ಕೆಟ್ಟಾಗ ಎಷ್ಟು ಹೊತ್ತಿಗೆ ಸರಿಯಾಯಿತು?' ಎಂದು ನಾಲ್ಕು ಮನೆಗಳಲ್ಲಿ ಕೇಳಿ.

ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿತ್ತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಹಾಗಾಗಿ ಕರೆಂಟ್ ಹೋದರೆ ಫೈಬರ್ ಪೆಟ್ಟಿಗೆಯೂ ರೂಟರೂ ಆರಿಹೋಗುತ್ತವೆ. ಮನೆಯಲ್ಲಿ ಯುಪಿಎಸ್ ಇದ್ದರೆ ಆ ಪ್ಲಗ್ಗಿಗೆ ಅವೆರಡನ್ನೂ ಸೇರಿಸಿ. ಇಲ್ಲದಿದ್ದರೆ ರೂಟರ್‌ಗೆಂದೇ ಮಾರುವ ಚಿಕ್ಕ ಯುಪಿಎಸ್ ಒಂದನ್ನು ತನ್ನಿ.

ಮೂವರಿಗೂ ಕೇಳಬೇಕಾದ ಪ್ರಶ್ನೆಗಳು

ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ, ಈ ಆರಕ್ಕೆ ಅವರು ಕೊಟ್ಟ ಉತ್ತರ ಬರೆದುಕೊಳ್ಳಿ. ಸಾಧ್ಯವಾದರೆ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

1. ಡೌನ್‌ಲೋಡ್ ಎಷ್ಟು, ಅಪ್‌ಲೋಡ್ ಎಷ್ಟು?
2. ತಿಂಗಳ ಮಿತಿ ಎಷ್ಟು ಜಿಬಿ, ದಾಟಿದ ಮೇಲೆ ವೇಗ ಎಷ್ಟು?
3. ತೆರಿಗೆ, ರೂಟರ್, ಇನ್‌ಸ್ಟಲೇಷನ್, ಡಿಪಾಸಿಟ್ ಎಲ್ಲ ಸೇರಿ ಮೊದಲ ವರ್ಷಕ್ಕೆ ಎಷ್ಟು, ಎರಡನೆಯ ವರ್ಷಕ್ಕೆ ಎಷ್ಟು?
4. ರೂಟರ್ ಡ್ಯುಯಲ್ ಬ್ಯಾಂಡ್ ಹೌದೇ, ಯಾರ ಸ್ವತ್ತು?
5. ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ?
6. ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿನಲ್ಲಿ ಬರುತ್ತಾರೆ?

ಹಾಕಿಸಿದ ಮೇಲೆ

ಮೊದಲ ವಾರದಲ್ಲೇ ವೇಗ ಅಳೆದು ನೋಡಿ. ಮೊಬೈಲ್‌ನಲ್ಲಿ ಅಳೆದರೆ ವೈಫೈನ ದೋಷವೂ ಸೇರಿಬಿಡುತ್ತದೆ. ಮಗನ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ಮನೆಯ ಬೇರೆ ಬಳಕೆ ನಿಲ್ಲಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆಯಲು ಹೇಳಿ. ಸ್ಪೀಡ್ ಟೆಸ್ಟ್ ಆ್ಯಪ್‌ಗಳು ಕೆಲವೊಮ್ಮೆ ನಿಮ್ಮ ಕಂಪನಿಯದೇ ಜಾಲದೊಳಗೆ ಅಳೆದು ದೊಡ್ಡ ಸಂಖ್ಯೆ ತೋರಿಸುತ್ತವೆ. ಆದ್ದರಿಂದ ನೆಟ್‌ಫ್ಲಿಕ್ಸ್ ನಡೆಸುವ ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ. ಟ್ರಾಯ್‌ನ ಮೈಸ್ಪೀಡ್ ಎಂಬ ಮೊಬೈಲ್ ಆ್ಯಪ್ ಕೂಡ ಇದೆ. 100ರ ಪ್ಲಾನ್‌ನಲ್ಲಿ 94, 95 ಬಂದರೆ ಅದು ಪೂರ್ತಿ ಬಂದಂತೆಯೇ. ರಾತ್ರಿ ಮತ್ತೆ ಮತ್ತೆ 40ಕ್ಕೆ ಇಳಿಯುತ್ತಿದ್ದರೆ ದೂರು ಕೊಡಿ.

ದೂರು ಕೊಟ್ಟಾಗ ನಂಬರ್ ತಪ್ಪದೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಹಾಕಿ ಬರೆಯಬಹುದು. ಈ ಎರಡು ಹಂತದ ವ್ಯವಸ್ಥೆ ಟ್ರಾಯ್‌ನ 2012ರ ನಿಯಮಗಳಿಂದ ಬಂದದ್ದು. ಟ್ರಾಯ್ ತಾನೇ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಮುಂದೆ ಎಂದಾದರೂ ಕಂಪನಿ ಬದಲಿಸುವುದಾದರೆ, ಹೊಸ ಸಂಪರ್ಕ ಬಂದು ಸರಿಯಾಗಿ ಓಡಿದ ಮೇಲೆಯೇ ಹಳೆಯದನ್ನು ಬಿಡಿ.

ಹಾಗಾದರೆ ಯಾವುದು?

ನೀವು ಬರೆದಿರುವ ವಿವರ ನೋಡಿದರೆ ಮೂರನೆಯದನ್ನು ಪಟ್ಟಿಯಿಂದ ತೆಗೆಯಬಹುದು. ನಿಮಗೆ ಬೇಡದ ವೇಗಕ್ಕೆ, ಅದೂ ಏರಿಳಿಯುವ ವೇಗಕ್ಕೆ, ಅದು ಹೆಚ್ಚು ಹಣ ಕೇಳುತ್ತಿದೆ. ಉಳಿದದ್ದು ಎರಡು. ಮನೆಯಲ್ಲಿ 4ಕೆ ಟಿವಿ ಇಲ್ಲ, ಕೇಬಲ್‌ನವರ ಅಪ್‌ಲೋಡ್ ಕೂಡ 50 ಇದೆ, ಅವರ ಸಂಪರ್ಕ ಇರುವ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೂ 45ರ ಮೇಲೆ ಬರುತ್ತಿದೆ ಎಂದಾದರೆ 50ರ ಪ್ಲಾನ್ ತೆಗೆದುಕೊಂಡು ಡ್ಯುಯಲ್ ಬ್ಯಾಂಡ್ ರೂಟರ್ ಹಾಕಿಸಿ. ಈ ಮೂರರಲ್ಲಿ ಒಂದು ತಪ್ಪಿದರೂ 100ರ ಫೈಬರ್ ಆರಿಸಿ, ಏಕೆಂದರೆ ಮನೆಯಲ್ಲಿ ಒಬ್ಬರ ಉದ್ಯೋಗ ಇದನ್ನೇ ನಂಬಿದೆ. ಯಾವುದನ್ನೇ ಆರಿಸಿದರೂ ಮೊದಲು ಒಂದೆರಡು ತಿಂಗಳಿಗಷ್ಟೇ ಹಣ ಕಟ್ಟಿ ನೋಡಿ. ರಾತ್ರಿಯ ವೇಗವೂ ರಿಪೇರಿಯವರ ಓಡಾಟವೂ ಸರಿ ಎನಿಸಿದ ಮೇಲೆ ವರ್ಷದ ಪ್ಲಾನ್‌ಗೆ ಹೋಗಿ. ಹದಿಮೂರನೆಯ ತಿಂಗಳ ಆಸೆಗೆ ಮೊದಲ ದಿನವೇ ಹತ್ತು ಸಾವಿರ ಕಟ್ಟಬೇಡಿ.